ದೂರದರ್ಶನದ ದೂರನಿಯಂತ್ರಕ: ಅದರ ರಚನೆಯನ್ನು ಕುರಿತು ಕೆಲವು ವಿಚಾರಗಳು

1. ವಿಷಯ ಪ್ರವೇಶ

ದೂರದರ್ಶನ ಯಂತ್ರವಿರುವ ಮನೆಗಳಲ್ಲಿ ದಿನಕ್ಕೆ ಹತ್ತಾರು ಸಲ ಕೈಗೆ ಬರುವ ಉಪಕರಣವೆಂದರೆ ಅದರ ದೂರನಿಯಂತ್ರಕ. ಜನರು ಇದನ್ನು ‘ರಿಮೋಟು’ ಎಂದೇ ಕರೆಯುವುದರಿಂದ ನಾವೂ ಈ ಲೇಖನದಲ್ಲಿ ಆ ಹೆಸರನ್ನೇ ಬಳಸುತ್ತೇವೆ. ಯಂತ್ರದ ಬೆಲೆಯ ಮುಂದೆ ರಿಮೋಟಿನ ಬೆಲೆ ಅತ್ಯಲ್ಪವಾದುದು. ಆದರೂ ಅಷ್ಟು ಹಣ ತೆತ್ತು ತಂದ ಯಂತ್ರವು ಮನೆಯವರೆಲ್ಲರಿಗೂ ಉಪಯೋಗಕ್ಕೆ ಬರುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ಈ ಸಣ್ಣ ವಸ್ತುವನ್ನೇ ಅವಲಂಬಿಸಿದೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಹಳೇಬೀಡಿನ ಒಂದು ಮನೆ. ಮಗನೂ ಸೊಸೆಯೂ ಹೊಲಕ್ಕೆ ಹೋಗಿದ್ದಾರೆ, ಮೊಮ್ಮಗ ಶಾಲೆಯಲ್ಲಿದ್ದಾನೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮಧ್ಯಾಹ್ನದ ಹೊತ್ತು ದೂರದರ್ಶನದ ಮುಂದೆ ಕುಳಿತಿದ್ದಾರೆ. ದನಿ ಸಾಲದೆಂದು ರಿಮೋಟನ್ನೆತ್ತಿಕೊಂಡು ಗುಂಡಿಯೊಂದನ್ನು ಒತ್ತುತ್ತಾರೆ. ಬೆರಳು ಪಕ್ಕದ ಗುಂಡಿಯ ಮೇಲೆ ಬೀಳುತ್ತದೆ. ಚಿತ್ರ ಮಾಯವಾಗಿ ಪರದೆಯೆಲ್ಲ ನೀಲಿಯಾಗುತ್ತದೆ. ಮೂಲೆಯಲ್ಲಿ ಇಂಗ್ಲಿಷಿನ ಎರಡು ಪದಗಳು ಕಾಣಿಸಿಕೊಳ್ಳುತ್ತವೆ. ಸರಿಪಡಿಸಲೆಂದು ಇನ್ನೊಂದು ಗುಂಡಿ, ಮತ್ತೊಂದು ಗುಂಡಿ. ಒಂದೊಂದು ಯತ್ನದಿಂದಲೂ ಸ್ಥಿತಿ ಇನ್ನಷ್ಟು ಜಟಿಲವಾಗುತ್ತದೆ. ಕೊನೆಗೆ ಮೊಮ್ಮಗ ಬರುವ ತನಕ ಕಾಯುವುದೊಂದೇ ಉಳಿಯುತ್ತದೆ. ಆತ ಬಂದು ಎರಡು ಕ್ಷಣದಲ್ಲಿ ಸರಿಪಡಿಸುತ್ತಾನೆ. ಅಜ್ಜಿಯಾದರೋ ‘ನಾನು ಮುಟ್ಟಿದರೆ ಕೆಡುತ್ತದಪ್ಪ’ ಎಂದು ಆ ದಿನದಿಂದ ರಿಮೋಟನ್ನು ಮುಟ್ಟುವುದನ್ನೇ ಬಿಡುತ್ತಾರೆ.

ಇಂತಹ ಪ್ರಸಂಗವನ್ನು ಕಾಣದ ವಾಚಕರು ವಿರಳ. ಇಲ್ಲಿ ತಪ್ಪು ಅಜ್ಜಿಯದಲ್ಲ, ರಚನೆಯದು ಎಂಬುದನ್ನು ತೋರಿಸಿ, ಒಳ್ಳೆಯ ರಚನೆಯ ಲಕ್ಷಣಗಳಾವುವು ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

2. ಪೂರ್ವೇತಿಹಾಸ

ಅಮೆರಿಕದ ಜೆನಿತ್ ಕಂಪನಿಯು 1950ರಲ್ಲಿ ‘ಲೇಜಿ ಬೋನ್ಸ್’ ಎಂಬ ನಿಯಂತ್ರಕವನ್ನು ಮಾರುಕಟ್ಟೆಗೆ ತಂದಿತು. ಅದು ತಂತಿಯ ಮೂಲಕ ಯಂತ್ರಕ್ಕೆ ಜೋಡಣೆಯಾಗಿದ್ದುದರಿಂದ ನಡುಮನೆಯಲ್ಲಿ ಓಡಾಡುವವರ ಕಾಲಿಗೆ ತೊಡಕಾಗುತ್ತಿತ್ತು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ಎಂಬ ಎಂಜಿನಿಯರು ತಂತಿಯಿಲ್ಲದ ‘ಫ್ಲ್ಯಾಷ್-ಮ್ಯಾಟಿಕ್’ ಅನ್ನು ನಿರ್ಮಿಸಿದರು. ಪರದೆಯ ನಾಲ್ಕು ಮೂಲೆಗಳಲ್ಲಿದ್ದ ದ್ಯುತಿಕೋಶಗಳ ಮೇಲೆ ಬೆಳಕು ಬಿಟ್ಟು ಯಂತ್ರವನ್ನು ನಡೆಸುವ ಕ್ರಮವದು. ಆದರೆ ಬಿಸಿಲು ಬಿದ್ದರೂ ಯಂತ್ರವು ಅದನ್ನು ಆಜ್ಞೆಯೆಂದೇ ತಿಳಿಯುತ್ತಿತ್ತು. ಮರುವರ್ಷವೇ ರಾಬರ್ಟ್ ಆಡ್ಲರ್ ರೂಪಿಸಿದ ‘ಸ್ಪೇಸ್ ಕಮಾಂಡ್’ ಬಂದಿತು. ಇದರೊಳಗೆ ಸೆಲ್ಲು ಕೂಡ ಇರಲಿಲ್ಲ. ಗುಂಡಿಯನ್ನೊತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯೂಮಿನಿಯಮ್ ಸಲಾಕೆಗೆ ಬಡಿದು ಶ್ರವಣಾತೀತ ಧ್ವನಿಯನ್ನು ಹೊರಡಿಸುತ್ತಿತ್ತು. ಸಲಾಕೆಗಳು ನಾಲ್ಕು, ಆದುದರಿಂದ ಗುಂಡಿಗಳೂ ನಾಲ್ಕೇ.

ಮುಂದೆ 1980ರ ದಶಕದಲ್ಲಿ ಅವಕೆಂಪು ಕಿರಣದ ರಿಮೋಟುಗಳು ಎಲ್ಲೆಡೆ ಹರಡಿದುವು. ಒಂದು ಸಣ್ಣ ವಿದ್ಯುನ್ಮಂಡಲವು ಇನ್ನೂರಕ್ಕೂ ಹೆಚ್ಚು ಬೇರೆ ಬೇರೆ ಆಜ್ಞೆಗಳನ್ನು ಕಳುಹಿಸಬಲ್ಲುದಾದ್ದರಿಂದ ಗುಂಡಿಯನ್ನು ಹೆಚ್ಚಿಸಲು ಖರ್ಚೇ ಇಲ್ಲವಾಯಿತು. ನಾಲ್ಕು ಗುಂಡಿಗಳ ರಿಮೋಟು ನಲವತ್ತು ಗುಂಡಿಗಳದಾದುದು ಬಳಸುವವರು ಬೇಡಿದ್ದರಿಂದಲ್ಲ, ಸೇರಿಸುವುದು ಸುಲಭವಾದುದರಿಂದ.

ನಮ್ಮ ನಾಡಿನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾಯಿತು. ವರ್ಣಪ್ರಸಾರ 1982ರಲ್ಲಿ ಬಂದಿತು. ವಾಹಿನಿ ಒಂದೆರಡೇ ಇದ್ದ ಆ ದಿನಗಳಲ್ಲಿ ಎದ್ದುಹೋಗಿ ಯಂತ್ರದ ತಿರುಗಣೆಯನ್ನು ತಿರುಗಿಸಿದರೆ ಸಾಕಾಗುತ್ತಿತ್ತು. ಅನಂತರ ಕೇಬಲ್ ಬಂದಿತು. 2004ರ ಡಿಸೆಂಬರಿನಲ್ಲಿ ದೂರದರ್ಶನದ ಶುಲ್ಕರಹಿತ ಉಪಗ್ರಹ ಸೇವೆ ಆರಂಭವಾಯಿತು. ಇದೇ ಈಗಿನ ‘ಡಿಡಿ ಫ್ರೀ ಡಿಷ್’. ಕೇಬಲ್ ಸೇವೆಯನ್ನು ಅಂಕೀಯಗೊಳಿಸುವ ಕಾರ್ಯವು 2012ರಲ್ಲಿ ಮಹಾನಗರಗಳಿಂದ ಮೊದಲಾಗಿ, ನಾಲ್ಕನೆಯ ಹಂತದ ಗ್ರಾಮಾಂತರ ಪ್ರದೇಶಗಳಿಗೆ 2017ರ ಮಾರ್ಚಿಯ ಗಡುವನ್ನು ವಿಧಿಸಲಾಯಿತು. ಇದರ ಫಲವಾಗಿ ಮನೆಮನೆಗೂ ಸೆಟ್-ಟಾಪ್ ಬಾಕ್ಸು ಬಂದಿತು. ಅದರೊಡನೆ ಎರಡನೆಯ ರಿಮೋಟೂ ಬಂದಿತು. ನಮ್ಮ ಈಗಿನ ತೊಡಕುಗಳಲ್ಲಿ ಹೆಚ್ಚಿನವು ಈ ಎರಡನೆಯ ರಿಮೋಟಿನಿಂದ ಹುಟ್ಟಿದವು.

3. ರಿಮೋಟಿನ ಕಾರ್ಯವಿಧಾನ

ರಚನೆಯ ಗುಣದೋಷಗಳನ್ನು ತಿಳಿಯಬೇಕಾದರೆ ರಿಮೋಟು ಕೆಲಸಮಾಡುವ ಬಗೆಯನ್ನು ಸ್ಥೂಲವಾಗಿಯಾದರೂ ಅರಿತಿರಬೇಕು. ರಬ್ಬರಿನ ಗುಂಡಿಯ ತಳದಲ್ಲಿ ಇಂಗಾಲದ ಬಿಲ್ಲೆಯೊಂದಿರುತ್ತದೆ. ಒತ್ತಿದಾಗ ಅದು ಕೆಳಗಿನ ಹಲಗೆಯ ಎರಡು ಲೋಹಪಟ್ಟಿಗಳನ್ನು ಕೂಡಿಸಿ ಮಂಡಲವನ್ನು ಪೂರ್ಣಗೊಳಿಸುತ್ತದೆ. ಒಡನೆಯೇ ತುದಿಯಲ್ಲಿರುವ ಪುಟ್ಟ ದೀಪವು ಸುಮಾರು 940 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಬೆಳಕನ್ನು ಬೀರುತ್ತದೆ. ಈ ಬೆಳಕು ಬರಿಗಣ್ಣಿಗೆ ಕಾಣದು. ಆದರೆ ಅನೇಕ ಮೊಬೈಲ್ ಫೋನುಗಳ ಕ್ಯಾಮೆರಾದ ಮೂಲಕ ನೋಡಿದರೆ ದೀಪ ಮಿನುಗುವುದು ಕಾಣುತ್ತದೆ. ರಿಮೋಟು ಕೆಟ್ಟಿದೆಯೋ ಇಲ್ಲವೋ ಎಂದು ಅರಿಯಲು ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮಾಡಿನೋಡಬಹುದು.

ಬಿಸಿಲಿನಿಂದಲೂ ಮನೆಯ ದೀಪಗಳಿಂದಲೂ ಗೊಂದಲವಾಗದಂತೆ ಈ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯುವಂತೆ ಮಾಡಿರುತ್ತಾರೆ. ಆ ಮಿಡಿತದ ಗುಂಪುಗಳನ್ನು ಉದ್ದ ಮತ್ತು ಗಿಡ್ಡ ಅಂತರಗಳಲ್ಲಿ ಕಳುಹಿಸುವುದೇ ಸಂಕೇತ. ಬಹಳ ಬಳಕೆಯಲ್ಲಿರುವ ಎನ್.ಇ.ಸಿ. ಕ್ರಮದಲ್ಲಿ ಒಂದು ಒತ್ತಿಗೆ 32 ಅಂಕಗಳು ಹೋಗುತ್ತವೆ. ಮೊದಲ 8 ಅಂಕಗಳು ಯಂತ್ರದ ಹೆಸರು, ಮುಂದಿನ 8 ಅದರ ವಿಲೋಮ. ಆಮೇಲೆ ಆಜ್ಞೆಗೆ 8, ಅದರ ವಿಲೋಮಕ್ಕೆ 8. ಎರಡೂ ತಾಳೆಯಾಗದಿದ್ದರೆ ಯಂತ್ರವು ಆ ಆಜ್ಞೆಯನ್ನು ತಿರಸ್ಕರಿಸುತ್ತದೆ. ಅಂದರೆ ದಾರಿಯಲ್ಲಿ ಸಂಕೇತ ಕೆಡಬಹುದೆಂಬ ಮುನ್ನೆಚ್ಚರಿಕೆ ಇಲ್ಲಿದೆ. ಒತ್ತುವ ಬೆರಳೇ ತಪ್ಪಬಹುದೆಂಬ ಮುನ್ನೆಚ್ಚರಿಕೆಯಾದರೋ ಎಲ್ಲಿಯೂ ಇಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹವಾದುದು. ಈ ಸಂವಹನ ಏಕಮುಖವಾದುದು. ರಿಮೋಟು ಹೇಳುತ್ತದೆ, ಯಂತ್ರ ಕೇಳುತ್ತದೆ, ಯಂತ್ರ ಮರುನುಡಿಯುವುದಿಲ್ಲ. ಯಂತ್ರವು ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ರಿಮೋಟಿಗೆ ತಿಳಿಯದು.

ಹಳೇಬೀಡು, ಬೇಲೂರು, ಅರಸೀಕೆರೆಗಳಿಗೆ ಸಮೀಪದ ಹಾಸನದಲ್ಲಿಯೇ ಇದಕ್ಕೆ ತೀರ ಭಿನ್ನವಾದ ದೂರನಿಯಂತ್ರಣವೊಂದು ನಡೆಯುತ್ತಿದೆ. 1982ರಲ್ಲಿ ಸ್ಥಾಪಿತವಾದ ಅಲ್ಲಿನ ಉಪಗ್ರಹ ನಿಯಂತ್ರಣ ಕೇಂದ್ರವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್, ಜಿಸ್ಯಾಟ್ ಶ್ರೇಣಿಯ ಉಪಗ್ರಹಗಳನ್ನು ನಡೆಸುತ್ತದೆ. ನಮ್ಮ ಮನೆಗಳ ದೂರದರ್ಶನಕ್ಕೆ ಚಿತ್ರಗಳು ಬರುವುದೂ ಇಂತಹ ಉಪಗ್ರಹಗಳ ಮೂಲಕವೇ. ಉಪಗ್ರಹ ನಿಯಂತ್ರಣದಲ್ಲಿ ಆಜ್ಞೆಯೊಂದನ್ನು ಕಳುಹಿಸಿದ ಮೇಲೆ, ಅದು ತಲುಪಿತೇ, ಉಪಗ್ರಹದ ಸ್ಥಿತಿ ಬದಲಾಯಿತೇ ಎಂಬುದನ್ನು ಮರುಸಂಕೇತಗಳಿಂದ ನೋಡಿ ತಿಳಿಯುವುದು ವಾಡಿಕೆ. ನುರಿತ ಎಂಜಿನಿಯರುಗಳಿಗೇ ಮರುನುಡಿ ಬೇಕು. ಹಾಗಿರುವಲ್ಲಿ ಹಳೇಬೀಡಿನ ಅಜ್ಜಿಗೆ ಅದು ಬೇಡವೆನ್ನುವುದು ನ್ಯಾಯವಲ್ಲ.

4. ಮೂವರು ಬಳಕೆದಾರರು

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 9241-11 ಎಂಬ ಮಾನಕವು (1998, ಪರಿಷ್ಕೃತ 2018) ಉಪಯೋಗ ಸೌಲಭ್ಯವನ್ನು ಮೂರು ಮಾತುಗಳಿಂದ ಅಳೆಯುತ್ತದೆ: ಕೆಲಸ ಕೈಗೂಡುವುದು, ಅದಕ್ಕೆ ತಗಲುವ ಶ್ರಮ ಮಿತವಾಗಿರುವುದು, ಬಳಸಿದವರಿಗೆ ತೃಪ್ತಿಯಾಗುವುದು. ಆದರೆ ಈ ಅಳತೆಯನ್ನು ಇಂಥವರು, ಇಂತಹ ಸಂದರ್ಭದಲ್ಲಿ ಎಂದು ನಿರ್ದೇಶಿಸಿಯೇ ಮಾಡಬೇಕೆಂದೂ ಅದು ವಿಧಿಸುತ್ತದೆ. ಆದಕಾರಣ ಮೂರು ಊರುಗಳ ಮೂವರು ಬಳಕೆದಾರರನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯವರು ಹಳೇಬೀಡಿನ ನಮ್ಮ ಅಜ್ಜಿ. ಮಾಡಿನ ಮೇಲೆ ತಟ್ಟೆ, ಒಳಗೆ ಬಾಕ್ಸು, ಕೈಯಲ್ಲಿ ಎರಡು ರಿಮೋಟು. ಕಣ್ಣು ಹತ್ತಿರದ ಅಕ್ಷರಗಳನ್ನು ಕಾಣದು, ಬೆರಳು ಸ್ವಲ್ಪ ನಡುಗುತ್ತದೆ. ಬೇಕಾದುದು ಎರಡು ಮೂರು ವಾಹಿನಿ, ದನಿಯ ಏರಿಳಿತ, ಇಷ್ಟೇ.

ಎರಡನೆಯವರು ಬೇಲೂರಿನ ವಸತಿಗೃಹವೊಂದರಲ್ಲಿ ರಾತ್ರಿ ತಂಗಿದ ಪ್ರವಾಸಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ನಾನಾ ಭಾಷೆಯವರು ಇಲ್ಲಿಗೆ ಬರುತ್ತಾರೆ. ಇವರು ಆ ರಿಮೋಟನ್ನು ಹಿಂದೆ ಕಂಡವರಲ್ಲ, ಮುಂದೆ ಕಾಣುವವರೂ ಅಲ್ಲ. ಕಲಿಯಲು ಇವರಿಗೆ ಹೊತ್ತಿಲ್ಲ, ಕಲಿಸಲು ಪಕ್ಕದಲ್ಲಿ ಯಾರೂ ಇಲ್ಲ.

ಮೂರನೆಯವರು ಅರಸೀಕೆರೆಯ ಕೊಬ್ಬರಿ ವರ್ತಕರ ಮನೆಯ ಬಾಲಕಿ. ಇವಳಿಗೆ ಎಲ್ಲ ಗುಂಡಿಗಳೂ ಗೊತ್ತು. ಆದರೆ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾಗುತ್ತಿದ್ದುವೆಂಬುದನ್ನು ನೆನೆದರೆ, ಇಂತಹ ಬಾಲಕಿಗೂ ರಿಮೋಟು ವಿನೋದದ ಸಾಧನ ಮಾತ್ರವಲ್ಲವೆಂಬುದು ಸ್ಪಷ್ಟವಾಗುತ್ತದೆ. ಗೊತ್ತಾದ ಹೊತ್ತಿನಲ್ಲಿ ಬರುವ ಪಾಠ, ಕರೆಂಟು ಹೋಗಿ ಬಂದ ಮೇಲೆ ಯಂತ್ರ ಮತ್ತೆ ಹತ್ತದಿದ್ದರೆ, ತಪ್ಪಿಯೇ ಹೋಗುತ್ತದೆ.

ಈ ಮೂವರ ಶಕ್ತಿಸಾಮರ್ಥ್ಯಗಳು ಬೇರೆ ಬೇರೆ. ಆದರೆ ಮೂವರಿಗೂ ಸಮಾನವಾದ ಒಂದು ಅಗತ್ಯವಿದೆ: ಎಡವಿದಾಗ ಪರರ ನೆರವಿಲ್ಲದೆ ಮೊದಲಿನ ಸ್ಥಿತಿಗೆ ಮರಳುವ ಉಪಾಯ.

5. ಗುಂಡಿಗಳ ಸಂಖ್ಯೆಯೇ ದೋಷವೇ?

ರಿಮೋಟನ್ನು ಸುಲಭಗೊಳಿಸುವುದೆಂದರೆ ಗುಂಡಿಗಳನ್ನು ಕಡಮೆಮಾಡುವುದು ಎಂಬ ಅಭಿಪ್ರಾಯ ಬಹಳವಾಗಿ ಹರಡಿದೆ. ಇದು ಅರ್ಧಸತ್ಯ. ಹಿಕ್ ಎಂಬ ಮನಶ್ಶಾಸ್ತ್ರಜ್ಞರು 1952ರಲ್ಲಿ ತೋರಿಸಿಕೊಟ್ಟಂತೆ, ಆಯ್ಕೆಗೆ ಬೇಕಾಗುವ ಕಾಲವು ಆಯ್ಕೆಗಳ ಸಂಖ್ಯೆಗೆ ನೇರ ಅನುಪಾತದಲ್ಲಿ ಬೆಳೆಯುವುದಿಲ್ಲ, ಅದರ ಲಾಗರಿದಮ್ಮಿಗೆ ಅನುಗುಣವಾಗಿ ಬೆಳೆಯುತ್ತದೆ. ಈ ಲೆಕ್ಕದಂತೆ 40 ಗುಂಡಿಗಳನ್ನು 20ಕ್ಕೆ ಇಳಿಸಿದರೆ ಉಳಿಯುವುದು ಆಯ್ಕೆಯ ಕಾಲದ ಐದನೆಯ ಒಂದು ಪಾಲಿಗಿಂತ ತುಸು ಕಡಮೆಯೇ. ಅಲ್ಲದೆ ತೆಗೆದುಹಾಕಿದ ಗುಂಡಿಗಳ ಕೆಲಸವು ಪರದೆಯ ಮೇಲಿನ ಪಟ್ಟಿಗಳಿಗೆ ವರ್ಗವಾಗುತ್ತದೆ. ನಾಲ್ಕು ಬಾಣ ಮತ್ತು ನಡುವೊಂದು ಗುಂಡಿಯುಳ್ಳ ಈಚಿನ ರಿಮೋಟುಗಳು ನೋಡಲು ಸರಳವಾಗಿವೆ. ಆದರೆ ಬೇಕಾದ ಸ್ಥಳವನ್ನು ತಲುಪಲು ಪಟ್ಟಿಯಿಂದ ಪಟ್ಟಿಗೆ ಇಳಿಯಬೇಕು, ಪ್ರತಿ ಮೆಟ್ಟಿಲಲ್ಲಿಯೂ ಓದಬೇಕು. ಓದಲಾರದವರಿಗೆ ಇದು ನಲವತ್ತು ಗುಂಡಿಗಳಿಗಿಂತಲೂ ಕಷ್ಟ.

ಆದುದರಿಂದ ಗುಂಡಿ ಎಷ್ಟಿವೆ ಎಂಬುದಕ್ಕಿಂತ, ತಪ್ಪು ಗುಂಡಿಯನ್ನು ಒತ್ತಿದಾಗ ಏನಾಗುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ.

6. ಮರಳುವ ದಾರಿ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಂಡವರಿಗೆ ಅದರ ಜಗತಿಯ ನೆನಪಿರುತ್ತದೆ. ನಕ್ಷತ್ರಾಕಾರದ ಆ ಜಗಲಿಯ ಮೇಲೆ ಗೋಡೆಯನ್ನು ಅನುಸರಿಸಿ ನಡೆದವನು ಎಷ್ಟು ಮೂಲೆಗಳನ್ನು ತಿರುಗಿದರೂ ಹೊರಟ ಬಾಗಿಲಿಗೇ ಬಂದು ಸೇರುತ್ತಾನೆ. ದಾರಿ ತಪ್ಪುವ ಭಯವಿಲ್ಲದ್ದರಿಂದ ಕಣ್ಣು ಶಿಲ್ಪದ ಮೇಲಿರುತ್ತದೆ. ರಿಮೋಟಿನಲ್ಲಿಯೂ ಇಂತಹದೊಂದು ವ್ಯವಸ್ಥೆ ಬೇಕು. ಯಾವ ಸ್ಥಿತಿಯಲ್ಲಿ ಒತ್ತಿದರೂ, ಎಷ್ಟು ಸಲ ಒತ್ತಿದರೂ, ಯಂತ್ರವನ್ನೂ ಬಾಕ್ಸನ್ನೂ ಹೊತ್ತಿಸಿ, ಸರಿಯಾದ ಜೋಡಣೆಗೆ ತಂದು, ಮನೆಯವರು ಗೊತ್ತುಮಾಡಿದ ವಾಹಿನಿಯನ್ನು ತೋರಿಸುವ ಒಂದು ಗುಂಡಿಯಿರಬೇಕು. ಇದನ್ನು ‘ಮರಳುಗುಂಡಿ’ ಎಂದು ಕರೆಯೋಣ.

ಇದು ಸುಲಭವಾಗಿ ತೋರಿದರೂ ಒಂದು ಅಡಚಣೆಯಿದೆ. ಈಗಿನ ಬಹುತೇಕ ರಿಮೋಟುಗಳಲ್ಲಿ ವಿದ್ಯುತ್ತಿನ ಗುಂಡಿಯು ಕಳುಹಿಸುವ ಆಜ್ಞೆ ‘ಹೊತ್ತಿಕೋ’ ಎಂದಲ್ಲ, ‘ಈಗಿರುವುದನ್ನು ತಿರುಗುಮುರುಗು ಮಾಡು’ ಎಂದು. ಹೊತ್ತಿದ್ದರೆ ಆರುತ್ತದೆ, ಆರಿದ್ದರೆ ಹೊತ್ತುತ್ತದೆ. ಒಂದೇ ಯಂತ್ರವಿದ್ದಾಗ ಇದರಿಂದ ಬಾಧೆಯಿಲ್ಲ. ಎರಡು ಯಂತ್ರಗಳಿದ್ದು, ಒಂದು ಹೊತ್ತಿ ಒಂದು ಆರಿದ್ದಾಗ, ಎರಡಕ್ಕೂ ಅದೇ ಆಜ್ಞೆ ಹೋದರೆ ಎರಡೂ ಅದಲುಬದಲಾಗುತ್ತವೆಯೇ ಹೊರತು ಹೊಂದಿಕೆಯಾಗುವುದಿಲ್ಲ. ಕರೆಂಟು ಹೋಗಿ ಬಂದಾಗ ಬಾಕ್ಸು ತಾನಾಗಿ ಹೊತ್ತಿಕೊಂಡು ಯಂತ್ರವು ಆರಿಯೇ ಉಳಿಯುವುದೂ ಉಂಟು. ಆಗ ಇದೇ ಪೇಚು. ರಿಮೋಟಿಗೆ ಯಂತ್ರದ ಸ್ಥಿತಿ ತಿಳಿಯದೆಂದು ಮೇಲೆ ಹೇಳಿದೆವಷ್ಟೆ. ತಿಳಿಯದಿರುವಾಗ ಸ್ಥಿತಿಯನ್ನು ‘ಬದಲಿಸು’ ಎನ್ನುವ ಆಜ್ಞೆ ಅನಿಶ್ಚಿತ. ‘ಇಂತಹ ಸ್ಥಿತಿಗೆ ಬಾ’ ಎನ್ನುವ ಆಜ್ಞೆ ನಿಶ್ಚಿತ.

ಆದಕಾರಣ ಹೊತ್ತಿಸಲು ಒಂದು, ಆರಿಸಲು ಒಂದು, ಪ್ರತಿಯೊಂದು ಜೋಡಣೆಗೆ ಒಂದೊಂದು ಎಂಬಂತೆ ಬೇರೆ ಬೇರೆ ಸಂಕೇತಗಳು ಯಂತ್ರದಲ್ಲಿರಬೇಕು. ಗುಂಡಿಗಳು ಬೇರೆಯಾಗಬೇಕಿಲ್ಲ, ಸಂಕೇತ ಬೇರೆಯಾದರೆ ಸಾಕು. ಆಗ ಮರಳುಗುಂಡಿಯು ‘ಯಂತ್ರ ಹೊತ್ತಲಿ, ಬಾಕ್ಸಿನ ಜೋಡಣೆಗೆ ಬರಲಿ, ಬಾಕ್ಸು ಹೊತ್ತಲಿ, ವಾಹಿನಿ ಬರಲಿ’ ಎಂದು ನಾಲ್ಕು ಆಜ್ಞೆಗಳನ್ನು ಕ್ರಮವಾಗಿ ಕಳುಹಿಸಿದರಾಯಿತು. 2002ರಲ್ಲಿ ಬಂದ ಎಚ್.ಡಿ.ಎಂ.ಐ. ತಂತಿಯಲ್ಲಿ ಯಂತ್ರಗಳು ಪರಸ್ಪರ ಮಾತನಾಡುವ ಏರ್ಪಾಡೂ ಇದೆ. ಅದನ್ನು ಸಕ್ರಿಯಗೊಳಿಸಿದ್ದರೆ ಬಾಕ್ಸೇ ಯಂತ್ರವನ್ನು ಎಬ್ಬಿಸಿ ತನ್ನ ಜೋಡಣೆಗೆ ತರಬಲ್ಲುದು. ಹಳೆಯ ಯಂತ್ರಗಳಿಗೆ ಮಾತ್ರ ಈ ಸೌಲಭ್ಯವಿಲ್ಲ.

ಎರಡನೆಯ ಅಗತ್ಯ ಮರುನುಡಿ. ಅಂಕೀಯ ಬಾಕ್ಸಿನಲ್ಲಿ ವಾಹಿನಿ ಬದಲಾಗಲು, ಹೊಸ ಸಂಕೇತವನ್ನು ಹುಡುಕಿ ಪೂರ್ಣಚಿತ್ರವೊಂದು ದೊರೆಯುವ ತನಕ, ಒಂದೆರಡು ಸೆಕೆಂಡು ಹಿಡಿಯುವುದುಂಟು. ಆ ಹೊತ್ತಿನಲ್ಲಿ ಪರದೆ ಸುಮ್ಮನಿದ್ದರೆ, ಒತ್ತಿದುದು ತಲುಪಲಿಲ್ಲವೆಂದು ತಿಳಿದು ಮತ್ತೆ ಒತ್ತುವುದು ಮನುಷ್ಯ ಸಹಜ. ಎರಡನೆಯ ಒತ್ತು ಬೇಡದ ವಾಹಿನಿಗೆ ಒಯ್ಯುತ್ತದೆ. ಚಿತ್ರ ತಡವಾದರೂ ವಾಹಿನಿಯ ಸಂಖ್ಯೆಯಾದರೂ ಒಡನೆಯೇ ಮೂಡಿದರೆ ಈ ತಪ್ಪು ಹುಟ್ಟುವುದೇ ಇಲ್ಲ.

ಮೂರನೆಯದು ತಡೆ. ಅರಸೀಕೆರೆಯಂತಹ ರೈಲ್ವೆ ಜಂಕ್ಷನ್ನಿನಲ್ಲಿ ಹಲವು ಮಾರ್ಗಗಳು ಕೂಡುತ್ತವೆ. ಇಂತಹ ಕಡೆಗಳಲ್ಲಿ ಒಂದು ಮಾರ್ಗಕ್ಕೆ ಸಿಗ್ನಲ್ ಕೊಟ್ಟಿರುವಾಗ ಅದಕ್ಕೆ ವಿರುದ್ಧವಾದ ಮಾರ್ಗಕ್ಕೆ ಸಿಗ್ನಲ್ ಕೊಡಲು ಬಾರದಂತೆ ಅಂತರ್ಬಂಧದ ಏರ್ಪಾಡಿರುತ್ತದೆ. ‘ಎಚ್ಚರವಾಗಿರಿ’ ಎಂದು ಬರೆದು ತೂಗುಹಾಕುವುದಕ್ಕಿಂತ ಈ ಕ್ರಮ ಎಷ್ಟೋ ಮೇಲು. ರಿಮೋಟಿನಲ್ಲಿ ಜೋಡಣೆಯನ್ನು ಬದಲಿಸುವ, ವಾಹಿನಿಗಳನ್ನು ಹೊಸದಾಗಿ ಹುಡುಕಿಸುವ ಗುಂಡಿಗಳು ದನಿಯ ಗುಂಡಿಯಷ್ಟೇ ಸುಲಭವಾಗಿ ಕೈಗೆ ಸಿಗಬಾರದು. ಅವನ್ನು ತಗ್ಗಿನಲ್ಲಿಡಬಹುದು, ಇಲ್ಲವೆ ಮೂರು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ನಡೆಯುವಂತೆ ಮಾಡಬಹುದು.

7. ಗಾತ್ರ ಮತ್ತು ಕ್ರಮ

ಪಾಲ್ ಫಿಟ್ಸ್ ಎಂಬುವರು 1954ರಲ್ಲಿ ಪ್ರಕಟಿಸಿದ ನಿಯಮದಂತೆ, ಕೈ ಗುರಿ ಮುಟ್ಟುವ ಕಷ್ಟವು ದೂರದ ಎರಡರಷ್ಟನ್ನು ಗುರಿಯ ಅಗಲದಿಂದ ಭಾಗಿಸಿ ಎರಡರ ಲಾಗರಿದಮ್ ತೆಗೆದರೆ ಬರುವ ಸಂಖ್ಯೆ. ಹೆಬ್ಬೆರಳು 40 ಮಿಲಿಮೀಟರ್ ಸರಿಯಬೇಕಾದಾಗ ಗುಂಡಿ 5 ಮಿಲಿಮೀಟರ್ ಇದ್ದರೆ ಕಷ್ಟಾಂಕ 4. 10 ಮಿಲಿಮೀಟರ್ ಇದ್ದರೆ 3. ಆದುದರಿಂದ ಎಲ್ಲ ಗುಂಡಿಗಳಿಗೂ ಒಂದೇ ಗಾತ್ರ ಕೊಡುವುದು ಅವಿವೇಕ. ಪದೇ ಪದೇ ಬೇಕಾಗುವ ದನಿ, ವಾಹಿನಿ, ಮರಳುಗುಂಡಿಗಳು ದೊಡ್ಡವಾಗಿಯೂ ಹೆಬ್ಬೆರಳಿನ ಸಮೀಪದಲ್ಲಿಯೂ ಇರತಕ್ಕದ್ದು.

ಅಂಕಿಗಳ ಜೋಡಣೆಯಲ್ಲಿ 1, 2, 3 ಮೇಲಿನ ಸಾಲಿನಲ್ಲಿರುವ ಕ್ರಮವು ದೂರವಾಣಿಯಿಂದ ಬಂದುದು. ಬೆಲ್ ಪ್ರಯೋಗಾಲಯದ ಡೀನಿಂಗರ್ ಅವರು ಹಲವು ಬಗೆಯ ಜೋಡಣೆಗಳನ್ನು ಜನರಿಂದ ಒತ್ತಿಸಿನೋಡಿ 1960ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಫೋನಿನಿಂದ ಎಲ್ಲರ ಬೆರಳಿಗೂ ಅಭ್ಯಾಸವಾಗಿರುವ ಈ ಕ್ರಮವನ್ನು ಕದಲಿಸಬಾರದು. 5ರ ಮೇಲಣ ಸಣ್ಣ ಉಬ್ಬೂ ಹಾಗೆಯೇ ಉಳಿಯಬೇಕು. ಕತ್ತಲಲ್ಲಿ ಬೆರಳಿಗೂ, ದೃಷ್ಟಿಯಿಲ್ಲದವರಿಗೂ ಅದೇ ಆಧಾರ.

ಉಳಿದ ಗುಂಡಿಗಳನ್ನು ಸಜಾತೀಯವಾದವು ಒಂದೆಡೆ ಬರುವಂತೆ ಸಾಲುಗೊಳಿಸಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ತಳದ ಸಾಲು ಆನೆಗಳದು, ಅದರ ಮೇಲೆ ಸಿಂಹ, ಇನ್ನೂ ಮೇಲೆ ಬಳ್ಳಿ, ಕುದುರೆ, ಮಕರ, ಹಂಸಗಳ ಸಾಲುಗಳು. ಸಾವಿರಾರು ಆಕೃತಿಗಳಿದ್ದರೂ ನೋಡುವವರಿಗೆ ಗೊಂದಲವಾಗದಿರುವುದಕ್ಕೆ ಸಾಲಿನ ಕ್ರಮ ಎಲ್ಲಿಯೂ ತಪ್ಪದಿರುವುದೇ ಕಾರಣ.

8. ಗುಂಡಿಯ ಮೇಲಿನ ಬರಹ

ರಿಮೋಟಿನ ಬರಹ ಇಂಗ್ಲಿಷಿನಲ್ಲಿಯೇ ಇರಬೇಕೆಂಬ ಕಟ್ಟಳೆಯೇನೂ ಇಲ್ಲ. ಆದರೆ ಕನ್ನಡದಲ್ಲಿ ಬರೆಯುವುದೆಂದರೆ ಇಂಗ್ಲಿಷ್ ಪದಗಳಿಗೆ ನಿಘಂಟಿನಿಂದ ಸಂಸ್ಕೃತ ಪದಗಳನ್ನು ತಂದಿಡುವುದಲ್ಲ. ಕನ್ನಡ ಅಕ್ಷರಕ್ಕೆ ಒತ್ತು ಬಂದಾಗ ಅದು ಗೆರೆಯ ಕೆಳಗಿಳಿಯುತ್ತದೆ. ರೋಮನ್ ದೊಡ್ಡಕ್ಷರಕ್ಕೆ ಸಾಕಾಗುವ ಜಾಗದಲ್ಲಿ ಒತ್ತಕ್ಷರವನ್ನು ತುರುಕಿದರೆ ಎರಡೂ ಚಿಕ್ಕದಾಗಿ ಮುದ್ದೆಯಾಗುತ್ತವೆ. ಆದುದರಿಂದ ಒತ್ತಿಲ್ಲದ ಗಿಡ್ಡ ಪದಗಳನ್ನೇ ಆರಿಸುವುದು ಲೇಸು. ‘ಶಬ್ದ’ಕ್ಕಿಂತ ‘ದನಿ’, ‘ನಿಶ್ಶಬ್ದ’ಕ್ಕಿಂತ ‘ಮೌನ’, ‘ಹಿಂದಕ್ಕೆ’ ಎಂಬುದಕ್ಕಿಂತ ‘ಹಿಂದೆ’ ಮೇಲು. ಇವು ಓದಲು ಸುಲಭವಷ್ಟೇ ಅಲ್ಲ, ಆಡುಮಾತಿಗೂ ಹತ್ತಿರ. ಬೇಲೂರಿನ ಪ್ರವಾಸಿಯಂತಹವರಿಗಾಗಿ ವೃತ್ತ ಮತ್ತು ಗೆರೆಯ ವಿದ್ಯುತ್ ಚಿಹ್ನೆಯಂತಹ ಸರ್ವಪರಿಚಿತ ಸಂಕೇತಗಳನ್ನು ಜೊತೆಗಿಡಬೇಕು. ಬಣ್ಣವೊಂದನ್ನೇ ನೆಚ್ಚಬಾರದು, ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಗಳೂ ಇವೆ.

ಧೂಳು ತಾಗದಿರಲೆಂದು ರಿಮೋಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದು ನಮ್ಮ ಮನೆಗಳ ರೂಢಿ. ಅವಕೆಂಪು ಬೆಳಕು ಅದರ ಮೂಲಕ ಹಾಯುತ್ತದೆ. ಆದರೆ ಬರಹ ಮಸುಕಾಗಿ, ಗುಂಡಿಯ ಉಬ್ಬುತಗ್ಗು ಬೆರಳಿಗೆ ತಿಳಿಯದಂತಾಗುತ್ತದೆ. ರೂಢಿಯನ್ನು ಹಳಿಯುವುದಕ್ಕಿಂತ, ಹೊದಿಕೆಯ ಮೇಲಿಂದಲೂ ತಿಳಿಯುವಷ್ಟು ಎತ್ತರದ ಗುಂಡಿಗಳನ್ನು ರಚಿಸುವುದು ಯುಕ್ತ.

9. ಪರೀಕ್ಷಾಕ್ರಮ

ಕಾಲೇಜು ವಿದ್ಯಾರ್ಥಿಗಳು ಈ ವಿಚಾರಗಳನ್ನು ತಮ್ಮೂರಿನಲ್ಲಿಯೇ ಪರೀಕ್ಷಿಸಬಹುದು. ಒಪ್ಪಿಗೆ ಪಡೆದು, ಬೇರೆ ಬೇರೆ ವಯಸ್ಸಿನ ಐದಾರು ಮಂದಿಗೆ ಒಂದೇ ರಿಮೋಟನ್ನು ಕೊಟ್ಟು ನಾಲ್ಕು ಕೆಲಸಗಳನ್ನು ಹೇಳಬೇಕು: ಯಂತ್ರವನ್ನು ಹೊತ್ತಿಸುವುದು, ಹೇಳಿದ ವಾಹಿನಿಗೆ ಹೋಗುವುದು, ದನಿ ಇಳಿಸುವುದು, ಮತ್ತು ಪರೀಕ್ಷಕನು ಬೇಕೆಂದೇ ಜೋಡಣೆಯನ್ನು ಬದಲಿಸಿಟ್ಟಾಗ ಮೊದಲಿನ ಸ್ಥಿತಿಗೆ ತರುವುದು. ಒಟ್ಟು ಒತ್ತುಗಳು, ತಪ್ಪು ಒತ್ತುಗಳು, ಹಿಡಿದ ಕಾಲ ಇವನ್ನು ಬರೆದಿಡಬೇಕು. ನಡುವೆ ಸೂಚನೆ ಕೊಡಕೂಡದು, ನಗಲೂ ಕೂಡದು. ನಾಲ್ಕನೆಯ ಕೆಲಸವನ್ನು ನೆರವಿಲ್ಲದೆ ಮುಗಿಸಿದವರೆಷ್ಟು ಮಂದಿ ಎಂಬುದೇ ಈ ಪರೀಕ್ಷೆಯ ಮುಖ್ಯ ಫಲ. ಮೊದಲ ಮೂರರಲ್ಲಿ ಎಲ್ಲರೂ ಗೆದ್ದು ನಾಲ್ಕನೆಯದರಲ್ಲಿ ಸೋತರೆ, ಆ ರಿಮೋಟು ಎಂದೂ ತಪ್ಪದವರಿಗಾಗಿ ಮಾಡಿದುದೆಂದು ತಿಳಿಯತಕ್ಕದ್ದು. ಅಂತಹವರು ಲೋಕದಲ್ಲಿಲ್ಲ.

10. ಉಪಸಂಹಾರ

ಮೇಲೆ ಹೇಳಿದ ಸುಧಾರಣೆಗಳಲ್ಲಿ ಯಾವುದಕ್ಕೂ ಹೊಸ ಶೋಧನೆಯ ಅಗತ್ಯವಿಲ್ಲ. ಬೇರೆ ಬೇರೆ ಸಂಕೇತಗಳು, ಒಂದು ಮರಳುಗುಂಡಿ, ಒಡನೆಯೇ ತೋರುವ ಮರುನುಡಿ, ಅಪಾಯದ ಗುಂಡಿಗಳಿಗೆ ತಡೆ, ಗಾತ್ರದಲ್ಲಿ ತಾರತಮ್ಯ, ಓದಲು ಬರುವ ಕನ್ನಡ ಇವೆಲ್ಲ ಇಂದಿನ ತಂತ್ರದಿಂದಲೇ ಸಾಧ್ಯವಾದವು. ಕೊರತೆಯಿರುವುದು, ರಚಿಸುವವರು ತಮ್ಮಂತಹವರನ್ನೇ ಬಳಕೆದಾರರೆಂದು ಭಾವಿಸುವುದರಲ್ಲಿ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಮಧ್ಯಾಹ್ನದಲ್ಲಿ ತಪ್ಪು ಗುಂಡಿಯನ್ನೊತ್ತಿ, ಮೊಮ್ಮಗ ಶಾಲೆಯಿಂದ ಬರುವುದನ್ನು ಕಾಯದೆ, ತಾವೇ ಅದನ್ನು ಸರಿಪಡಿಸಿಕೊಂಡು ನೋಡುತ್ತಿದ್ದುದನ್ನು ಮುಂದುವರಿಸಿದರೆ ಆ ರಿಮೋಟಿನ ರಚನೆ ಸಾರ್ಥಕವಾಯಿತೆನ್ನಬಹುದು.